ಜಾಲಿ, ಬನ್ನಿ ಮತ್ತು ಗಿಡ: ರಾಯಚೂರು ಸೀಮೆಯ ಸಸ್ಯನಾಮಗಳಲ್ಲಿ ವರ್ಗೀಕರಣದ ಚರಿತ್ರೆ

1. ಪ್ರವೇಶ

ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಆಡುಮಾತಿನಲ್ಲಿ ಬೇವು ಗಿಡ, ಹುಣಸೆ ಗಿಡ, ಊರ ಮುಂದಿನ ಆಲವೂ ಗಿಡ. ಹೊಲದ ಹತ್ತಿ, ತೊಗರಿಗಳೂ ಗಿಡಗಳೇ. ಮೈಸೂರು ಸೀಮೆಯ ಕನ್ನಡದಲ್ಲಿಯೂ ಪಠ್ಯಪುಸ್ತಕದ ಕನ್ನಡದಲ್ಲಿಯೂ ಮೊದಲ ಮೂರು ಮರಗಳು, ಉಳಿದೆರಡು ಗಿಡಗಳು. ಈ ವ್ಯತ್ಯಾಸವನ್ನು ಉಪಭಾಷೆಯ ಪದಕೋಶದಲ್ಲಿ ಒಂದು ಸಾಲಿನ ಟಿಪ್ಪಣಿಯಾಗಿ ಬರೆದು ಮುಂದೆ ಸಾಗುವುದು ನಮ್ಮ ವಾಡಿಕೆ. ಆದರೆ ಇದು ಒಂದು ಶಬ್ದ ಹೋಗಿ ಇನ್ನೊಂದು ಬಂದ ಪ್ರಸಂಗ ಮಾತ್ರವಲ್ಲ. ಸಸ್ಯಲೋಕವನ್ನು ಎಲ್ಲಿ ಗೆರೆ ಎಳೆದು ವಿಂಗಡಿಸಬೇಕು ಎಂಬುದರಲ್ಲಿಯೇ ಎರಡು ಕನ್ನಡಗಳು ಭಿನ್ನವಾಗಿವೆ.

ಈ ಭಿನ್ನತೆಗೆ ಇಂದು ವ್ಯಾವಹಾರಿಕ ಮಹತ್ತ್ವವೂ ಬಂದಿದೆ. 2002ರ ಜೈವಿಕ ವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿಯ ನಮೂನೆಯಲ್ಲಿ ಸ್ಥಳೀಯ ಹೆಸರಿಗೊಂದು ಅಂಕಣ, ವೈಜ್ಞಾನಿಕ ಹೆಸರಿಗೊಂದು ಅಂಕಣ. ಎರಡು ಅಂಕಣಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ಇನ್ನೊಂದರ ಅನುವಾದ ಎಂಬ ನಂಬಿಕೆ ಸಹಜವಾಗಿ ಮೂಡುತ್ತದೆ. ರಾಯಚೂರು ಸೀಮೆಯ ಮೂರು ಹೆಸರುಗಳಾದ ಗಿಡ, ಬನ್ನಿ, ಜಾಲಿಗಳ ಚರಿತ್ರೆಯನ್ನು ಸಸ್ಯಶಾಸ್ತ್ರೀಯ ನಾಮಕರಣದ ಚರಿತ್ರೆಯೊಂದಿಗೆ ಇಟ್ಟು ನೋಡಿ, ಆ ನಂಬಿಕೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

2. 'ಮರ'ವಿಲ್ಲದ ವರ್ಗೀಕರಣ

'ಮರ' ದ್ರಾವಿಡದ ಹಳೆಯ ಶಬ್ದ. ತಮಿಳು-ಮಲಯಾಳಗಳ ಮರಂ, ತುಳುವಿನ ಮರ, ತೆಲುಗಿನ ಮ್ರಾನು ಇದರ ಜ್ಞಾತಿಗಳು. ಹಳಗನ್ನಡ ಕಾವ್ಯದ ವನವರ್ಣನೆಗಳಲ್ಲಿ ಇದು ಸಾಮಾನ್ಯ. ಆದ್ದರಿಂದ ರಾಯಚೂರಿನ ಕನ್ನಡದಲ್ಲಿ ಕಾಣುವ ಸ್ಥಿತಿ ಮೂಲದ ಕೊರತೆಯಲ್ಲ. ಇದ್ದ ವರ್ಗವೊಂದು ದೈನಂದಿನ ಮಾತಿನಿಂದ ಹಿಂದೆ ಸರಿದ ಸ್ಥಿತಿ. ಆ ಮಾತಿನಲ್ಲಿ ಜೀವರೂಪಗಳನ್ನು ಸೂಚಿಸುವ ಪದಗಳು ಗಿಡ, ಕಂಟಿ, ಬಳ್ಳಿ, ಹುಲ್ಲು. ಮುಳ್ಳಿನ ಪೊದೆ ಕಂಟಿ. ಶಿಷ್ಟ ಕನ್ನಡದ 'ಗಿಡಗಂಟಿ' ಎಂಬ ಜೋಡುನುಡಿಯಲ್ಲಿ ಈ ಕಂಟಿಯೇ ಆದೇಶಸಂಧಿಯಿಂದ ಗಂಟಿಯಾಗಿದೆ ಎಂದು ಓದಬಹುದು. ಎಳೆಯದು ಸಸಿ, ಬೆಳೆದದ್ದು ಗಿಡ. ಬೆಳೆದ ಮೇಲೆ ಅದು ಮೊಣಕಾಲುದ್ದವೋ ಮಾಳಿಗೆಯೆತ್ತರವೋ ಎಂಬುದನ್ನು ಈ ಪದ ಕೇಳುವುದಿಲ್ಲ.

ಜೀವರೂಪವಾಚಕಗಳ ಬೆಳವಣಿಗೆಯ ಬಗ್ಗೆ ಸೆಸಿಲ್ ಬ್ರೌನ್ 1977ರಲ್ಲಿ ಮಂಡಿಸಿದ ಅನುಕ್ರಮದಲ್ಲಿ 'ಮರ' ಎಂಬ ವರ್ಗವೇ ಮೊದಲು ಹುಟ್ಟುತ್ತದೆ. ಉಳಿದವು ಅನಂತರ ಸೇರುತ್ತವೆ. ಆ ಚೌಕಟ್ಟಿನಿಂದ ನೋಡಿದರೆ ಉತ್ತರದ ಕನ್ನಡ ಹಿಮ್ಮುಖವಾಗಿ ನಡೆದಂತೆ ಕಾಣುತ್ತದೆ. ಇದಕ್ಕೆ ಎರಡು ವಿವರಣೆಗಳು ಸಾಧ್ಯ. ಒಂದು, ಪರಿಸರದ್ದು: ಕೃಷ್ಣೆ-ತುಂಗಭದ್ರೆಯರ ನಡುವಿನ ಎರೆಭೂಮಿಯಲ್ಲಿ ಹೆಮ್ಮರಗಳು ವಿರಳ, ಆದ್ದರಿಂದ ಅವಕ್ಕೆ ಪ್ರತ್ಯೇಕ ವರ್ಗದ ಅಗತ್ಯ ಕುಂದಿತು. ಇನ್ನೊಂದು, ಭಾಷಾಸಂಪರ್ಕದ್ದು.

ಮೊದಲನೆಯದು ನೆರೆಭಾಷೆಗಳ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ತೆಲುಗಿನ ಚೆಟ್ಟು ಬೇವಿಗೂ ಸಲ್ಲುತ್ತದೆ, ಹತ್ತಿಗೂ ಸಲ್ಲುತ್ತದೆ. ಮರಾಠಿಯ ಝಾಡ, ದಖನಿಯ ಝಾಡ್ ಹಾಗೆಯೇ. ಗೋದಾವರಿಯ ಹಸಿರು ಮುಖಜಭೂಮಿಯಲ್ಲಿಯೂ ತೆಲುಗರು ಚೆಟ್ಟು ಎನ್ನುತ್ತಾರೆ. ದಟ್ಟ ತೋಪುಗಳ ಕೊಂಕಣದಲ್ಲಿಯೂ ತೆಂಗು ಮರಾಠಿಗರಿಗೆ ಝಾಡವೇ. ಮರಗಳ ಅಭಾವವೇ ಕಾರಣವಾಗಿದ್ದರೆ ಅಲ್ಲಿ ಈ ವಿಲೀನ ಕಾಣಬಾರದಿತ್ತು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ತೆಲುಗಿನಲ್ಲಿ ಮ್ರಾನು ಎಂಬ ಹಳೆಯ ಪದ ಮಾನು ಆಗಿ ಬೊಡ್ಡೆ, ದಿಮ್ಮಿಗಳ ಅರ್ಥದತ್ತ ಸರಿದು, ಅದರ ಜಾಗವನ್ನು ಚೆಟ್ಟು ತುಂಬಿದೆ. ಕನ್ನಡದ ಉತ್ತರ ಭಾಗದಲ್ಲಿ ಮರದ ಜಾಗವನ್ನು ಗಿಡ ತುಂಬಿದ್ದು ಇದೇ ಜಾಡಿನ ಚಲನೆ. ಎಳೆಯ ಸಸ್ಯಕ್ಕೆ ಬೇರೆ ಪದವೊಂದನ್ನು ಉಳಿಸಿಕೊಂಡಿರುವುದರಲ್ಲಿಯೂ ಸಾಮ್ಯವಿದೆ: ಕನ್ನಡದಲ್ಲಿ ಸಸಿ, ತೆಲುಗಿನಲ್ಲಿ ಮೊಕ್ಕ, ಮರಾಠಿಯಲ್ಲಿ ರೋಪ.

ಹೀಗೆ ರೂಪಗಳು ತಮ್ಮತಮ್ಮ ಭಾಷೆಯವೇ ಆಗಿ ಉಳಿದು, ಅರ್ಥದ ಗಡಿಗಳು ಮಾತ್ರ ಒಂದಾಗುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಕನ್ನಡ, ಮರಾಠಿ, ಉರ್ದುಗಳ ಬಗೆಗಿನ ಅಧ್ಯಯನದಲ್ಲಿ ತೋರಿಸಿದರು. ಅವರ ಗಮನವಿದ್ದುದು ಮುಖ್ಯವಾಗಿ ವ್ಯಾಕರಣದ ಮೇಲೆ. ಗಿಡ-ಚೆಟ್ಟು-ಝಾಡ ಸರಣಿ ಅದೇ ಪ್ರಕ್ರಿಯೆ ಸಸ್ಯವರ್ಗೀಕರಣದಲ್ಲಿಯೂ ನಡೆದುದಕ್ಕೆ ಸಾಕ್ಷಿ. ರಾಯಚೂರು ಇಂಥ ಸಂಪರ್ಕಕ್ಕೆ ತಕ್ಕ ನೆಲ. ಬಹಮನಿ, ವಿಜಯನಗರ, ಆದಿಲಶಾಹಿಗಳು ಈ ದೋಆಬಿಗಾಗಿ ಸೆಣಸಿದವು. ಅನಂತರ ನಿಜಾಮರ ಆಳ್ವಿಕೆ. 1853ರಿಂದ 1860ರವರೆಗೆ ಬ್ರಿಟಿಷರ ವಶ, ಮತ್ತೆ ನಿಜಾಮರದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಶಾಲೆಯ ಪುಸ್ತಕದ ಮೂಲಕ 'ಬೇವಿನ ಮರ' ಈ ಸೀಮೆಯ ಮಕ್ಕಳ ಬರವಣಿಗೆಗೆ ಬಂದಿತು. ಮನೆಯ ಮಾತಿನಲ್ಲಿ ಬೇವಿನ ಗಿಡ ಉಳಿಯಿತು.

3. ಯಾವುದು ಶಾಸ್ತ್ರೀಯ?

ಮನೆಯ ಮಾತಿನದು ಅಶಾಸ್ತ್ರೀಯ, ಪುಸ್ತಕದ್ದು ಶಾಸ್ತ್ರೀಯ ಎಂಬ ಭಾವನೆ ಇಲ್ಲಿ ಸುಲಭವಾಗಿ ನುಸುಳುತ್ತದೆ. ವರ್ಗೀಕರಣದ ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಮರ ಎಂಬ ವರ್ಗಕ್ಕೆ ಹಳೆಯ ಶಾಸ್ತ್ರಗಳಲ್ಲಿ ಗಟ್ಟಿಯಾದ ಸ್ಥಾನವಿತ್ತು ನಿಜ. ತೊಲ್ಕಾಪ್ಪಿಯದ ಮರಪಿಯಲ್ ಭಾಗ ಒಳಗೆ ತಿರುಳು ಗಟ್ಟಿಯಾಗಿರುವುದನ್ನು ಮರವೆಂದೂ ಹೊರಗೆ ಗಟ್ಟಿಯಾಗಿರುವುದನ್ನು ಹುಲ್ಲೆಂದೂ ವಿಂಗಡಿಸುತ್ತದೆ. ಚರಕಸಂಹಿತೆ ಹೂ-ಹಣ್ಣುಗಳನ್ನೂ ಆಯುಸ್ಸನ್ನೂ ಹಬ್ಬುವ ಗುಣವನ್ನೂ ಹಿಡಿದು ವನಸ್ಪತಿ, ವಾನಸ್ಪತ್ಯ, ಓಷಧಿ, ವೀರುಧ ಎಂದು ನಾಲ್ಕಾಗಿಸುತ್ತದೆ. ಗ್ರೀಕರಲ್ಲಿ ಥಿಯೋಫ್ರಾಸ್ಟಸ್ ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದ. ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಕೊನೆಗೂ ಜಾನ್ ರೇ, ಟೂರ್ನ್‌ಫೋರ್ಟ್ ಮೊದಲಾದವರು ಮರ-ಮೂಲಿಕೆಗಳ ಭೇದವನ್ನು ಬಿಟ್ಟಿರಲಿಲ್ಲ. ಲಿನೇಯಸ್ 1735ರಲ್ಲಿ ಕೇಸರ-ಶಲಾಕೆಗಳ ಎಣಿಕೆಯನ್ನು ಆಧಾರವಾಗಿಸಿಕೊಂಡಾಗ ಆ ಭೇದ ಮೇಲ್ವರ್ಗಗಳಿಂದ ಬಿದ್ದುಹೋಯಿತು. ಇಂದಿನ ವಂಶಾವಳಿಯ ವರ್ಗೀಕರಣದಲ್ಲಿ ಮರ ಎಂಬುದು ಬೆಳವಣಿಗೆಯ ಒಂದು ರೀತಿಯಷ್ಟೇ. ಸಂಬಂಧವಿಲ್ಲದ ಅನೇಕ ಕುಟುಂಬಗಳಲ್ಲಿ ಅದು ಬೇರೆಬೇರೆಯಾಗಿ ಕಾಣಿಸಿಕೊಂಡಿದೆ. ಹುಣಸೆ, ಜಾಲಿ, ಬನ್ನಿ, ತೊಗರಿ, ಶೇಂಗಾ ಐದೂ ಒಂದೇ ಕುಟುಂಬದವು. ಇವೆಲ್ಲವನ್ನೂ ಮರ-ಗಿಡ ಎಂದು ಸೀಳುವ ಶಿಷ್ಟ ಕನ್ನಡಕ್ಕಿಂತ, ಹುಣಸೆಯನ್ನೂ ತೊಗರಿಯನ್ನೂ ಗಿಡವೆನ್ನುವ ರಾಯಚೂರಿನ ಕನ್ನಡ ಆಧುನಿಕ ವಿಜ್ಞಾನಕ್ಕೆ ದೂರವೇನಲ್ಲ. ಹತ್ತಿರವೆನ್ನಲೂ ಬಾರದು, ಏಕೆಂದರೆ ಎರಡರ ಉದ್ದೇಶಗಳೇ ಬೇರೆ.

ಉದ್ದೇಶದ ಮಾತು ಬಂದಾಗ ಮಾನ್ವಿಯದೇ ಒಂದು ಗ್ರಂಥವನ್ನು ನೆನೆಯಬೇಕು. ಜಗನ್ನಾಥದಾಸರ 'ಹರಿಕಥಾಮೃತಸಾರ'ದಲ್ಲಿ ತಾರತಮ್ಯವನ್ನು ನಿರೂಪಿಸುವ ಸಂಧಿಗಳಿವೆ. ಅಲ್ಲಿ ಜೀವರನ್ನು ಮೇಲು-ಕೆಳಗಿನ ಶ್ರೇಣಿಯಲ್ಲಿ ಜೋಡಿಸಲಾಗಿದೆ. ಜೋಡಿಸುವುದು ಬೇರೆ, ಗುಂಪುಗೂಡಿಸುವುದು ಬೇರೆ. ಶ್ರೇಣಿ ಕೇಳುವ ಪ್ರಶ್ನೆ 'ಯಾರು ಯಾರಿಗಿಂತ ಮೇಲು'. ಜನಪದ ವರ್ಗೀಕರಣ ಕೇಳುವುದು 'ಇದು ಯಾವುದರ ಹಾಗಿದೆ'. ವಂಶಾವಳಿ ಕೇಳುವುದು 'ಇದು ಯಾರ ಸಂತತಿ'. ಮೂರೂ ವರ್ಗೀಕರಣಗಳೇ. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದಾಗ ತಪ್ಪು ಹುಟ್ಟುತ್ತದೆ.

4. ಬನ್ನಿ ಮತ್ತು ಜಾಲಿ: ಹೂವು, ಮುಳ್ಳು

ಈಗ ಕುಲದ ಮಟ್ಟಕ್ಕೆ ಇಳಿಯೋಣ. ಬನ್ನಿ ಮಹಾನವಮಿಯ ಪೂಜ್ಯ ಸಸ್ಯ. ಸಂಸ್ಕೃತದಲ್ಲಿ ಶಮೀ, ತೆಲುಗಿನಲ್ಲಿ ಜಮ್ಮಿ, ತಮಿಳಿನಲ್ಲಿ ವನ್ನಿ. ಅರಣಿಗೆ ಬಳಸುವ ಕಟ್ಟಿಗೆಯಾದುದರಿಂದ ಬನ್ನಿಯನ್ನು 'ವಹ್ನಿ'ಯ ತದ್ಭವವೆನ್ನುವ ವಾಡಿಕೆಯಿದೆ. ಜಾಲಿ ಹೊಲದ ಬದುವಿನ, ಹಳ್ಳದ ದಂಡೆಯ ಸಸ್ಯ. ಗಾಡಿಗೂ ಕೃಷಿ ಸಲಕರಣೆಗಳಿಗೂ ಅದರ ಕಟ್ಟಿಗೆ, ಚರ್ಮ ಹದಮಾಡಲು ಅದರ ತೊಗಟೆ, ಆಡು-ಕುರಿಗಳಿಗೆ ಅದರ ಕಾಯಿ. ಜಾಲಿಯಲ್ಲಿ ಕರಿಜಾಲಿ, ಬಿಳಿಜಾಲಿ, ಕಸ್ತೂರಿಜಾಲಿ ಎಂಬ ಒಳಭೇದಗಳಿವೆ. ವಿಶೇಷಣ ಮೊದಲು, ಕುಲವಾಚಕ ಅನಂತರ. ಬರ್ಲಿನ್, ಬ್ರೀಡ್‌ಲವ್, ರೇವನ್ 1973ರಲ್ಲಿ ಜಗತ್ತಿನ ಜನಪದ ವರ್ಗೀಕರಣಗಳಲ್ಲಿ ಗುರುತಿಸಿದ ದ್ವಿಪದ ರಚನೆ ಇದೇ. ಲಿನೇಯಸ್ 1753ರಲ್ಲಿ ಸ್ಥಿರಪಡಿಸಿದ ದ್ವಿನಾಮ ಪದ್ಧತಿಯಲ್ಲಿಯೂ ಇದೇ ತರ್ಕವಿದೆ. ಲ್ಯಾಟಿನ್ನಿನ ಪದಕ್ರಮ ಮಾತ್ರ ತಿರುವುಮುರುವು.

ಈ ವ್ಯವಸ್ಥೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕ ಖಂಡದ ಸಸ್ಯವೊಂದು ಬಂದು ಸೇರಿತು. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಬೆಡೋಮ್ 1876ರಲ್ಲಿ ಬೀಜ ತರಿಸಲು ಸೂಚಿಸಿದ. ಜಮೈಕಾದಿಂದ ಬಂದ ಬೀಜವನ್ನು ಮರುವರ್ಷ ಕಡಪಾ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಲಾಯಿತು. ಆಗ ಸಸ್ಯಶಾಸ್ತ್ರಜ್ಞರು ಅದನ್ನು ಕರೆಯುತ್ತಿದ್ದುದು ಪ್ರೊಸೋಪಿಸ್ ಜೂಲಿಫ್ಲೋರಾ ಎಂದು. ಬನ್ನಿ ಅವರಿಗೆ ಪ್ರೊಸೋಪಿಸ್ ಸ್ಪೈಸಿಗೆರಾ. ಮುಂದೆ ಪ್ರೊಸೋಪಿಸ್ ಸಿನೆರೇರಿಯಾ. ಅಂದರೆ ಶಾಸ್ತ್ರದ ಪ್ರಕಾರ ಹೊಸಬ ಬನ್ನಿಯ ಕುಲದವನು. ಜನ ಹಾಗೆ ಕಾಣಲಿಲ್ಲ. ಕನ್ನಡದಲ್ಲಿ ಅದು ಬಳ್ಳಾರಿ ಜಾಲಿಯಾಯಿತು. ತೆಲುಗಿನಲ್ಲಿ ಸರ್ಕಾರು ತುಮ್ಮ, ತಮಿಳಿನಲ್ಲಿ ಸೀಮೈ ಕರುವೇಲಂ, ಮರಾಠಿಯಲ್ಲಿ ವೇಡೀ ಬಾಭೂಳ, ಗುಜರಾತಿಯಲ್ಲಿ ಗಾಂಡೋ ಬಾವಳ, ಹಿಂದಿಯಲ್ಲಿ ವಿಲಾಯತಿ ಬಬೂಲ. ತುಮ್ಮ, ವೇಲಂ, ಬಾಭೂಳ, ಬಾವಳ, ಬಬೂಲ ಎಲ್ಲವೂ ಜಾಲಿಯ ಹೆಸರುಗಳೇ. ಆರು ಭಾಷೆಗಳು ಅದನ್ನು ಜಾಲಿಯ ಪಂಕ್ತಿಯಲ್ಲಿ ಕೂರಿಸಿದವು; ಬನ್ನಿಯ ಪಂಕ್ತಿಯಲ್ಲಿ ಅಲ್ಲ.

ವಿಶೇಷಣಗಳು ಮಾತ್ರ ಭಿನ್ನ. ಸೀಮೈ, ವಿಲಾಯತಿ ಎಂಬವು ಪರಕೀಯತೆಯನ್ನು ಹೇಳುತ್ತವೆ. ವೇಡೀ, ಗಾಂಡೋ ಎಂಬವು ಹುಚ್ಚುಹುಚ್ಚಾಗಿ ಹಬ್ಬುವ ಸ್ವಭಾವವನ್ನು. ಸರ್ಕಾರು ಎಂಬುದು ನೆಡಿಸಿದವರನ್ನು. ಬಳ್ಳಾರಿ ಎಂಬುದು ದಿಕ್ಕನ್ನು. ಬಳ್ಳಾರಿ ಆಗ ಮದ್ರಾಸ್ ಪ್ರಾಂತದ ಜಿಲ್ಲೆ, ತುಂಗಭದ್ರೆಯ ಆಚೆ ದಡ. ಮಾನ್ವಿ, ದೇವದುರ್ಗ ನಿಜಾಮರ ನೆಲ. ನದಿಯ ಈಚೆಗೆ ನಿಂತು ನೋಡುವವರಿಗೆ ಅರ್ಥಪೂರ್ಣವಾಗುವ ಹೆಸರಿದು. ಈ ಚರಿತ್ರೆಗೆ ಹೆಸರೇ ದಾಖಲೆ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ: ಕುಕ್‌ನ ಮುಂಬಯಿ ಪ್ರಾಂತದ ಸಸ್ಯಕೋಶ 1901ರಿಂದ 1908ರವರೆಗೆ, ಗ್ಯಾಂಬಲ್‌ನ ಮದ್ರಾಸ್ ಪ್ರಾಂತದ ಸಸ್ಯಕೋಶ 1915ರಿಂದ 1936ರವರೆಗೆ ಪ್ರಕಟವಾದವು. ನಿಜಾಮರ ರಾಯಚೂರು ಎರಡು ಪ್ರಾಂತಗಳ ನಡುವೆ ಉಳಿಯಿತು.

ಜನರು ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಬೇರೆಯಾಗಿಸಿದ್ದು ಯಾವ ಲಕ್ಷಣದಿಂದ? ಬನ್ನಿಯ ಪೂಜ್ಯತೆಯೊಂದೇ ಕಾರಣವೆನ್ನಲಾಗದು. ಶಾಸ್ತ್ರಜ್ಞರು ಹೂವನ್ನು ನೋಡಿದ್ದರು: ಬನ್ನಿಯದೂ ಬಳ್ಳಾರಿ ಜಾಲಿಯದೂ ತೆನೆಯಂಥ ಹೂಗೊಂಚಲು, ಕರಿಜಾಲಿಯದು ದುಂಡನೆಯ ಹಳದಿ ಚೆಂಡು. ಕಣ್ಣಿಗೂ ಕಾಲಿಗೂ ಮೊದಲು ಸಿಗುವುದು ಮುಳ್ಳು. ಕರಿಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿ ಜೋಡಿಯಾಗಿ ಏಳುತ್ತದೆ. ಬಳ್ಳಾರಿ ಜಾಲಿಯದೂ ಗೆಣ್ಣಿನಲ್ಲಿಯೇ. ಬನ್ನಿಯ ಮುಳ್ಳು ಚಿಕ್ಕದು, ಗೆಣ್ಣುಗಳ ನಡುವಿನ ಕಾಂಡದ ಮೇಲೆ ಚದುರಿದ್ದು. ಅರ್ಜೆಂಟೀನಾದ ಬುರ್ಕಾರ್ಟ್ 1976ರಲ್ಲಿ ಪ್ರೊಸೋಪಿಸ್ ಕುಲವನ್ನು ಐದು ವಿಭಾಗಗಳಾಗಿ ಒಡೆದಾಗ ಬನ್ನಿಯೂ ಜೂಲಿಫ್ಲೋರಾವೂ ಬೇರೆಬೇರೆ ವಿಭಾಗಗಳಿಗೆ ಸೇರಿದವು. 2022ರಲ್ಲಿ ಕಾಲಿನ್ ಹ್ಯೂಸ್ ಮತ್ತು ಸಂಗಡಿಗರು ಡಿಎನ್‌ಎ ಸಾಕ್ಷ್ಯದ ಮೇಲೆ ಆ ಕುಲವನ್ನೇ ಒಡೆದರು. ಪ್ರೊಸೋಪಿಸ್ ಎಂಬ ಹೆಸರು ಬನ್ನಿಯೂ ಸೇರಿದಂತೆ ಹಳೆಯ ಜಗತ್ತಿನ ಮೂರು ಪ್ರಭೇದಗಳಿಗೆ ಉಳಿಯಿತು. ಬಳ್ಳಾರಿ ಜಾಲಿ ನೆಲ್ಟುಮಾ ಜೂಲಿಫ್ಲೋರಾ ಆಯಿತು. ಆ ಹೆಸರನ್ನು ರಫಿನೆಸ್ಕ್ 1838ರಲ್ಲಿಯೇ ಕೊಟ್ಟಿದ್ದ. ಸುಮಾರು ಎರಡು ಶತಮಾನ ಅದು ಮೂಲೆಗುಂಪಾಗಿತ್ತು. ಕುಲಗಳನ್ನು ಗುರುತಿಸಲು ಹೊಸ ವರ್ಗೀಕರಣ ಮುಂದಿಡುವ ಲಕ್ಷಣಗಳಲ್ಲಿ ಮುಳ್ಳಿನ ಸ್ಥಾನ ಮುಖ್ಯವಾದುದು.

ಇಷ್ಟನ್ನು ಓದಿ 'ಜನಪದರಿಗೆ ಮೊದಲೇ ಗೊತ್ತಿತ್ತು' ಎಂದು ಹೇಳುವ ಆಸೆ ಬರುತ್ತದೆ. ಹಾಗೆ ಹೇಳಲು ಬಾರದು. ಬನ್ನಿಯನ್ನು ಬೇರೆಯಾಗಿ ಇಟ್ಟದ್ದರಲ್ಲಿ ಜನಭಾಷೆಯೂ ವಂಶಾವಳಿಯೂ ಒಮ್ಮತಕ್ಕೆ ಬಂದವು ನಿಜ. ಆದರೆ ಬಳ್ಳಾರಿ ಜಾಲಿಯನ್ನು ಕರಿಜಾಲಿಯೊಂದಿಗೆ ಸೇರಿಸಿದ್ದನ್ನು ವಂಶಾವಳಿ ಒಪ್ಪುವುದಿಲ್ಲ. ಕರಿಜಾಲಿಯ ಮುಳ್ಳು ರೂಪಾಂತರ ಹೊಂದಿದ ಕಾವಿನೆಲೆ. ಬಳ್ಳಾರಿ ಜಾಲಿಯ ಮುಳ್ಳು ಕಂಕುಳಲ್ಲಿ ಹುಟ್ಟುವ ಬೇರೆ ಅಂಗ. ಜನರ ಕಣ್ಣು ಮುಳ್ಳಿನ ಸ್ಥಾನವನ್ನು ಹಿಡಿಯಿತು, ಶಾಸ್ತ್ರ ಅಂಗದ ಮೂಲವನ್ನು ಕೇಳಿತು. ಒಮ್ಮತವನ್ನು ಮಾತ್ರ ಎಣಿಸಿ ಭಿನ್ನಮತವನ್ನು ಮರೆತರೆ ಅದು ಜನಪದ ಜ್ಞಾನಕ್ಕೆ ಗೌರವ ತೋರಿಸಿದಂತಾಗದು. ಅದರದೇ ತರ್ಕವನ್ನು ಅಳಿಸಿದಂತಾಗುತ್ತದೆ.

5. ಎರಡು ಸ್ಥಳಾಂತರಗಳು

ಸ್ಥಳೀಯ ಹೆಸರು ಬದಲಾಗುತ್ತದೆ, ವೈಜ್ಞಾನಿಕ ಹೆಸರು ನಿಲ್ಲುತ್ತದೆ ಎಂಬುದು ಇನ್ನೊಂದು ನಂಬಿಕೆ. ಕರಿಜಾಲಿಯ ಲ್ಯಾಟಿನ್ ಹೆಸರಿನ ಚರಿತ್ರೆ ನೋಡಿ. ಲಿನೇಯಸ್ 1753ರಲ್ಲಿ ಅದನ್ನು ಮಿಮೋಸಾ ನೈಲೋಟಿಕಾ ಎಂದ. ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಅದು ಅಕೇಶಿಯಾ ನೈಲೋಟಿಕಾ. ಅಕೇಶಿಯಾ ಕುಲಕ್ಕೆ ಆದರ್ಶ ಮಾದರಿಯೇ ಈ ಸಸ್ಯ. ಕುಲ ಒಂದೇ ವಂಶದ್ದಲ್ಲವೆಂದು ಖಚಿತವಾದಾಗ ಹೆಸರು ಯಾರಿಗೆ ಉಳಿಯಬೇಕೆಂಬ ಪ್ರಶ್ನೆ ಎದ್ದಿತು. ಬಹುಪಾಲು ಪ್ರಭೇದಗಳಿರುವುದು ಆಸ್ಟ್ರೇಲಿಯಾದಲ್ಲಿ. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮಾವೇಶದ ಮುಂದೆ ಮಾದರಿಯನ್ನು ಆಸ್ಟ್ರೇಲಿಯಾದ ಪ್ರಭೇದಕ್ಕೆ ವರ್ಗಾಯಿಸುವ ಶಿಫಾರಸು ಬಂದಿತು. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಿರೋಧಿಸಿದರೂ ಶಿಫಾರಸನ್ನು ತಳ್ಳಲು ಬೇಕಾದ ಶೇ. 60 ದೊರೆಯಲಿಲ್ಲ. 2011ರ ಮೆಲ್ಬರ್ನ್ ಸಮಾವೇಶ ಅದನ್ನೇ ಎತ್ತಿಹಿಡಿಯಿತು. ಕರಿಜಾಲಿ ಈಗ ವ್ಯಾಚೆಲಿಯಾ ನೈಲೋಟಿಕಾ. ವೈಟ್ ಮತ್ತು ಆರ್ನಾಟ್ 1834ರಲ್ಲಿ ಕೊಟ್ಟಿದ್ದ ಕುಲನಾಮ ಅದು. ಯಾವ ಸಸ್ಯಕ್ಕೆ ಹೆಸರು ಸಂದಿತ್ತೋ ಅದನ್ನು ಬಿಟ್ಟು ಹೆಸರು ಖಂಡಾಂತರಕ್ಕೆ ಹೋಯಿತು.

ಜಾಲಿ ಎಂಬ ಕನ್ನಡ ಹೆಸರೂ ಸುಮ್ಮನೆ ಕುಳಿತಿಲ್ಲ. ಬಳ್ಳಾರಿ ಜಾಲಿಯ ಸಿಹಿಗಾಯನ್ನು ದನ, ಆಡುಗಳು ತಿನ್ನುತ್ತವೆ. ಬೀಜ ಜೀರ್ಣವಾಗದೆ ದಾರಿಯುದ್ದಕ್ಕೂ ಬೀಳುತ್ತದೆ. ಕಾಲುವೆಯ ಏರಿ, ರಸ್ತೆಯ ಬದಿ, ಪಾಳುಬಿದ್ದ ಹೊಲ ಎಲ್ಲೆಡೆ ಅದು ಹಬ್ಬಿತು. ಇಂದು ಈ ಭಾಗದ ದಿನಪತ್ರಿಕೆಯಲ್ಲಿ 'ಜಾಲಿಗಿಡ ತೆರವು' ಎಂದು ಓದಿದರೆ ಸಾಮಾನ್ಯವಾಗಿ ಅದು ಬಳ್ಳಾರಿ ಜಾಲಿಯೇ. ವಿಶೇಷಣ ಕಳಚಿದೆ, ಬರಿಯ 'ಜಾಲಿ' ಹೊಸಬನಿಗೆ ಸಂದಿದೆ, ಹಳಬನನ್ನು ಹೇಳಬೇಕಾದರೆ 'ಕರಿ' ಎಂದು ಸೇರಿಸಬೇಕಾಗಿದೆ. ವಿಟ್ಕೋವ್ಸ್ಕಿ ಮತ್ತು ಬ್ರೌನ್ 1983ರಲ್ಲಿ ವಿವರಿಸಿದ ಗುರುತುಪಲ್ಲಟಕ್ಕೆ ಇದು ಒಪ್ಪುವ ಉದಾಹರಣೆ. ಮೆಕ್ಸಿಕೊದ ತ್ಸೆಲ್ತಾಲ್ ಭಾಷೆಯಲ್ಲಿ ಹೊಸದಾಗಿ ಬಂದ ಕುರಿ ಮೊದಲು 'ಹತ್ತಿಯ ಜಿಂಕೆ'ಯಾಗಿತ್ತು. ಕುರಿ ಸಾಮಾನ್ಯವಾದ ಮೇಲೆ ಜಿಂಕೆಯೇ 'ಕಾಡಿನ' ಎಂಬ ವಿಶೇಷಣ ಹೊತ್ತುಕೊಂಡಿತು. ಅಕೇಶಿಯಾ ಎಂಬ ಹೆಸರನ್ನು ಮತದಾನ ಸ್ಥಳಾಂತರಿಸಿತು. ಜಾಲಿ ಎಂಬ ಹೆಸರನ್ನು ಆಡು-ದನಗಳು. ಎರಡರಲ್ಲಿಯೂ ಸಂಖ್ಯೆಯೇ ಗೆದ್ದಿತು, ಎರಡರಲ್ಲಿಯೂ ಹೆಸರನ್ನು ಕಳೆದುಕೊಂಡದ್ದು ಕರಿಜಾಲಿ.

ಸ್ಥಳನಾಮಗಳನ್ನು ಓದುವಾಗಲೂ ಈ ಎಚ್ಚರ ಬೇಕು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಹೆಸರಿನಲ್ಲಿ ಜಾಲಿಯನ್ನು ಕಾಣುವುದು ಆಕರ್ಷಕ. ಶಾಸನರೂಪದ ಆಧಾರವಿಲ್ಲದೆ ಅದನ್ನು ನಿಷ್ಪತ್ತಿಯೆಂದು ಸ್ವೀಕರಿಸಬಾರದು. ಹಾಗೆ ಸ್ವೀಕರಿಸಿದರೂ ಆ ಜಾಲಿ ಇಂದು ಊರ ಸುತ್ತ ಹಬ್ಬಿರುವುದಲ್ಲ. ಹೆಸರು ಗಿಡಕ್ಕಿಂತ ಹಳೆಯದು.

6. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಜೀವರೂಪದ ವರ್ಗಗಳು ಪರಿಸರವನ್ನು ಮಾತ್ರವಲ್ಲ, ಭಾಷಾಸಂಪರ್ಕವನ್ನೂ ದಾಖಲಿಸುತ್ತವೆ; ಗಿಡ-ಚೆಟ್ಟು-ಝಾಡ ಸರಣಿ ದಖ್ಖನಿನ ಭಾಷಾಕ್ಷೇತ್ರದ ಅರ್ಥಮಟ್ಟದ ಲಕ್ಷಣ. ಎರಡು, ಜನಪದ ಕುಲಗಳೂ ಶಾಸ್ತ್ರೀಯ ಕುಲಗಳೂ ಕೆಲವೆಡೆ ಕೂಡುತ್ತವೆ, ಕೆಲವೆಡೆ ಅಗಲುತ್ತವೆ. ಕೂಡುವಿಕೆಯಷ್ಟೇ ಅಗಲಿಕೆಯೂ ಸಾಕ್ಷ್ಯ. ಮೂರು, ಎರಡೂ ಬಗೆಯ ಹೆಸರುಗಳು ಕಾಲಬದ್ಧ.

ಮೂರನೆಯದರ ಪರಿಣಾಮ ದಾಖಲಾತಿಯ ಅಂಕಣದಲ್ಲಿ ಕಾಣುತ್ತದೆ. 'ಜಾಲಿ' ಎಂದಷ್ಟೇ ಬರೆದ ದಾಖಲೆಯಿಂದ, ಇಪ್ಪತ್ತು ವರ್ಷಗಳ ನಂತರ ಓದುವವನು ದೇಶೀ ಸಸ್ಯ ಅಲ್ಲಿತ್ತೆಂದು ತಿಳಿಯಲಾರ. ಅದು ನಿರ್ಮೂಲಕ್ಕೆ ಗುರಿಯಾದ ಆಕ್ರಮಣಕಾರಿ ಸಸ್ಯವೂ ಆಗಿರಬಹುದು. 'ಜಾಲಿ ತೆರವು' ಎಂಬ ಆದೇಶವನ್ನು ಅಕ್ಷರಶಃ ಪಾಲಿಸಿದರೆ ಬದುವಿನ ಕರಿಜಾಲಿಗೂ ಕೊಡಲಿ ಬೀಳುತ್ತದೆ. ಶಿಷ್ಟ ಕನ್ನಡದ ಸಿದ್ಧಪಟ್ಟಿಯಿಂದ 'ಬನ್ನಿ ಮರ' ಎಂದು ನಕಲಿಸಿದರೆ ಗಿಡ-ಕಂಟಿಗಳ ವ್ಯವಸ್ಥೆಯೇ ಕಾಣೆಯಾಗುತ್ತದೆ. ಆದ್ದರಿಂದ ಹೆಸರನ್ನು ಆಡಿದಂತೆಯೇ, ಅದರ ವಿಶೇಷಣ ಮತ್ತು ಜೀವರೂಪವಾಚಕಗಳ ಸಹಿತ ಬರೆಯಬೇಕು. ಹೇಳಿದವರು ಯಾವ ಲಕ್ಷಣದಿಂದ ಗುರುತಿಸಿದರೆಂಬುದನ್ನು, ಮುಳ್ಳೋ ಹೂವೋ ತೊಗಟೆಯೋ ಎಂಬುದನ್ನು, ಅವರ ಮಾತಿನಲ್ಲಿಯೇ ಸೇರಿಸಬೇಕು. ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಅದನ್ನು ಯಾವ ವರ್ಷದ ಯಾವ ಗ್ರಂಥದ ಪ್ರಕಾರ ಬರೆಯಲಾಯಿತೆಂದು ನಮೂದಿಸಿ, ಒಣಗಿಸಿದ ರೆಂಬೆಯ ಮಾದರಿಯೊಂದನ್ನು ಉಳಿಸಬೇಕು. ಇವುಗಳಲ್ಲಿ ಮೊದಲೆರಡು ಸಸ್ಯಶಾಸ್ತ್ರಜ್ಞರ ಕೆಲಸವಲ್ಲ, ಭಾಷಾವಿಜ್ಞಾನಿಗಳದು. ರಾಯಚೂರು, ದೇವದುರ್ಗ, ಮಾನ್ವಿಗಳ ಕನ್ನಡದಲ್ಲಿ 'ಬರಿಯ ಜಾಲಿ' ಯಾವುದು ಎಂಬ ಪ್ರಶ್ನೆಗೆ ಹಿರಿಯರ ಉತ್ತರವೂ ಕಿರಿಯರ ಉತ್ತರವೂ ಒಂದೇ ಆಗಿರಬೇಕಾಗಿಲ್ಲ. ಇಬ್ಬರ ಉತ್ತರವನ್ನೂ ಕೇಳಿ ಬರೆದಿಡಬಹುದಾದ ಕಾಲ ಇನ್ನೂ ಮುಗಿದಿಲ್ಲ.